ಅಡ್ವಾನ್ಸ್ ಕೊಡೋ ಮೊದಲು ಚಾಸಿ ನಂಬರ್ ಉಜ್ಜಿ ನೋಡಿ

ಗದಗದಲ್ಲಿ ನನ್ನದು ಟಿಂಕರಿಂಗ್ ಕೆಲಸ. ಹಳೇ ಕಾರು ಕೊಳ್ಳುವವರು ಪೇಂಟ್ ನೋಡುತ್ತಾರೆ, ಎಸಿ ಹಾಕಿ ನೋಡುತ್ತಾರೆ. ಚಾಸಿ ನಂಬರ್, ಅಂದರೆ ಕಂಪನಿಯವರು ಗಾಡಿಯ ತಗಡಿನ ಮೇಲೆ ಹೊಡೆದಿರುವ ಗುರುತಿನ ನಂಬರ್, ನೋಡುವವರು ಬಹಳ ಕಡಿಮೆ.

ನಮ್ಮ ಸೋದರಮಾವನೂ ನೋಡಿರಲಿಲ್ಲ. ಹಾವೇರಿಯಿಂದ ಕಾರು ತಂದರು, ಪೂರ್ತಿ ದುಡ್ಡು ಕೊಟ್ಟರು. ಹೆಸರು ಬದಲಿಸಲು ಹೋದಾಗ ಗೊತ್ತಾಯಿತು, ಆರ್‌ಸಿಯಲ್ಲಿ ‘ಬಿ’ ಇರಬೇಕಾದ ಕಡೆ ‘8’ ಬಿದ್ದಿದೆ. ಅದೊಂದು ಅಕ್ಷರ ತಿದ್ದಿಸಲು ನಾಲ್ಕು ತಿಂಗಳು ಓಡಾಡಿದರು. ಅವತ್ತು ನನ್ನನ್ನು ಕರೆದಿದ್ದರೆ ಹತ್ತು ನಿಮಿಷದ ಕೆಲಸವಾಗಿತ್ತು.

ನಂಬರ್ ಎಲ್ಲಿರುತ್ತದೆ? ಬಾನೆಟ್ ಎತ್ತಿ, ಎಂಜಿನ್ ಹಿಂದಿನ ತಗಡಿನ ಗೋಡೆ ನೋಡಿ. ಅಲ್ಲಿಲ್ಲದಿದ್ದರೆ ಡ್ರೈವರ್ ಪಕ್ಕದ ಸೀಟು ಹಿಂದಕ್ಕೆ ತಳ್ಳಿ. ಕಾರ್ಪೆಟ್‌ನಲ್ಲಿ ಅಂಗೈಯಗಲದ ತುಂಡು ಕತ್ತರಿಸಿಟ್ಟಿರುತ್ತಾರೆ, ಅದನ್ನು ಎತ್ತಿದರೆ ಸಿಗುತ್ತದೆ. ಬಾಗಿಲ ಕಂಬದ ಸ್ಟಿಕ್ಕರ್ ಮೇಲೂ ಇರಬಹುದು. ಆದರೆ ಸ್ಟಿಕ್ಕರ್ ಒಂದನ್ನೇ ನಂಬಬೇಡಿ, ತಗಡಿನ ಮೇಲೆ ಹೊಡೆದದ್ದೇ ಮುಖ್ಯ.

ಎರೆಹೊಲಕ್ಕೆ ಹೋಗಿಬಂದ ಗಾಡಿಯಾದರೆ ಅಂಕಿಗಳೊಳಗೆ ಕರಿಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಹಳೇ ಬಟ್ಟೆಗೆ ಒಂಚೂರು ಡೀಸೆಲ್ ಹಚ್ಚಿ ಒರೆಸಿ, ಒಣಗಲು ಬಿಡಿ. ಮೇಲೆ ತೆಳು ಬಿಳಿ ಹಾಳೆ ಇಡಿ. ಪೆನ್ಸಿಲ್ ಅಡ್ಡ ಹಿಡಿದು ಹಗುರಾಗಿ ಉಜ್ಜಿ. ಅಂಕಿಗಳು ಒಂದೊಂದಾಗಿ ಹಾಳೆಯ ಮೇಲೆ ಮೂಡುತ್ತವೆ. ಇದಕ್ಕೇ ಚಾಸಿ ಪ್ರಿಂಟ್ ಅನ್ನುವುದು.

ಈಗ ಎಣಿಸಿ. ಅಕ್ಷರ, ಅಂಕಿ ಸೇರಿ ಒಟ್ಟು 17 ಇರಬೇಕು. ಇಂಗ್ಲಿಷಿನ ಐ, ಓ, ಕ್ಯೂ ಈ ನಂಬರಿನಲ್ಲಿ ಬರುವುದೇ ಇಲ್ಲ. 1 ಮತ್ತು 0 ಜೊತೆ ಗೊಂದಲ ಆಗಬಾರದು ಅಂತ. ಮೊದಲ ಮೂರು ತಯಾರಕರ ಗುರುತು. ಮಾರುತಿಗೆ ಎಂ-ಎ-3, ಹ್ಯುಂಡೈಗೆ ಎಂ-ಎ-ಎಲ್, ಟಾಟಾಗೆ ಎಂ-ಎ-ಟಿ ಸಾಮಾನ್ಯವಾಗಿ ಕಾಣುತ್ತವೆ. ಒಂಬತ್ತನೆಯದು ಉಳಿದವು ಸರಿ ಇವೆಯಾ ಅಂತ ಲೆಕ್ಕ ಹಾಕಿ ತಾಳೆ ನೋಡುವ ಅಂಕಿ ಅನ್ನುವ ನಿಯಮ ಅಮೆರಿಕದ ಗಾಡಿಗಳಿಗೆ ಕಡ್ಡಾಯ. ಹಾಗಾಗಿ ಯಾವುದೋ ವೆಬ್‌ಸೈಟ್ ನಮ್ಮ ಕಾರಿನ ನಂಬರ್ ತಪ್ಪು ಅಂದರೆ ಸುಮ್ನೆ ಗಾಬರಿಯಾಗಬೇಡಿ.

ಪ್ರಿಂಟ್ ಮತ್ತು ಆರ್‌ಸಿ ಪಕ್ಕಪಕ್ಕ ಇಟ್ಟುಕೊಳ್ಳಿ. ಒಬ್ಬರು ಓದಲಿ, ಇನ್ನೊಬ್ಬರು ನೋಡಲಿ. ಬಿ ಮತ್ತು 8, ಎಸ್ ಮತ್ತು 5 ಬಂದ ಕಡೆ ನಿಂತು ನೋಡಿ. ವಿಮೆ ಕಾಗದದಲ್ಲೂ ಅದೇ ನಂಬರ್ ಇರಬೇಕು. ಎಂಜಿನ್ ನಂಬರ್ ಕೂಡ ಹೀಗೇ. ಗಾಡಿ ನಂಬರ್ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ಮಾಡೆಲ್, ನೋಂದಣಿ ದಿನಾಂಕ, ಬ್ಯಾಂಕ್ ಸಾಲ ಇದೆಯಾ ನೋಡಿ.

ಇನ್ನು ನನ್ನ ಕಣ್ಣು ಹೋಗುವ ಜಾಗ ಹೇಳುತ್ತೇನೆ. ಕಂಪನಿಯ ಮಷಿನ್ ಹೊಡೆದ ಅಂಕಿಗಳ ಆಳ ಒಂದೇ, ನಡುವಿನ ಅಂತರ ಒಂದೇ. ಕೈಯಿಂದ ಹೊಡೆದದ್ದು ಏರುಪೇರಾಗುತ್ತದೆ. ಸುತ್ತ ಬೆರಳಾಡಿಸಿ. ಗ್ರೈಂಡರ್ ಗೀರು ತಾಗುತ್ತದಾ? ಅಲ್ಲಷ್ಟೇ ಹೊಸ ಪೇಂಟ್ ಇದೆಯಾ? ಪುಟ್ಟ ಅಯಸ್ಕಾಂತ ಇಟ್ಟು ನೋಡಿ, ತಗ್ಗು ಮುಚ್ಚುವ ಪುಟ್ಟಿ ದಪ್ಪ ಬಳಿದಿದ್ದರೆ ಸರಿಯಾಗಿ ಅಂಟುವುದಿಲ್ಲ. ಕಂಪನಿ ಬೆಸುಗೆ ಸಾಲಾಗಿ ದುಂಡನೆಯ ಗುಳಿಗಳ ಹಾಗೆ ಕಾಣುತ್ತದೆ. ನಂಬರಿನ ಸುತ್ತ ಚೌಕಾಕಾರದಲ್ಲಿ ಉಬ್ಬಿದ ಬೆಸುಗೆ ಗೆರೆ ಕಂಡರೆ, ಆ ತುಂಡು ಬೇರೆ ಗಾಡಿಯದ್ದಿರಬಹುದು. ಅಂಥ ಕಾರು ಎಷ್ಟು ಅಗ್ಗವಾದರೂ ಬೇಡ.

“ಎಲ್ಲಾ ಕ್ಲೀನ್ ಐತ್ರೀ ಅಣ್ಣಾರ, ಅದೆಲ್ಲಾ ಏನ್ ನೋಡ್ತೀರಿ” ಅಂದರೆ, “ಐದು ನಿಮಿಷ ತಡೀರಿ” ಅಂತ ಹೇಳಿ ಸೀಟು ತಳ್ಳಿ. ನೋಡಲು ಬಿಡದವರಿಗೆ ಅಡ್ವಾನ್ಸ್ ಕೊಡಬೇಡಿ.

ಎಲ್ಲಾ ಸರಿ ಇದ್ದರೆ ಆ ಪ್ರಿಂಟ್ ಹಾಳೆಯ ಮೇಲೆ ಗಾಡಿ ನಂಬರ್, ತಾರೀಕು ಬರೆದು ಆರ್‌ಸಿ ಜೊತೆ ಇಡಿ. ಪೆನ್ಸಿಲ್ ಬೇಗ ಅಳಿಸಿಹೋಗುತ್ತದೆ, ಮೇಲೆ ಸೆಲೋ ಟೇಪ್ ಅಂಟಿಸಿ.