ಮಹಿಳಾ ಕಬಡ್ಡಿ: ಟೇಪು ಹಿಡಿದು ಶುರುವಾಗುವ ತಯಾರಿ

ಹುಡುಗಿಯರನ್ನು ಅಂತರರಾಷ್ಟ್ರೀಯ ಪಂದ್ಯಕ್ಕೆ ಅಣಿಗೊಳಿಸುವಾಗ ನಾವು ಮೊದಲು ಕೈಗೆತ್ತಿಕೊಳ್ಳುವುದು ಅಳತೆಯ ಟೇಪು. ಪುರುಷರ ಅಂಕಣ 13×10 ಮೀಟರ್, ಮಹಿಳೆಯರದು 12×8. ಎಷ್ಟೋ ಹುಡುಗಿಯರು ಗಂಡುಮಕ್ಕಳ ಗೆರೆಗಳ ನಡುವೆಯೇ ಆಡಿ ಬೆಳೆದಿರುತ್ತಾರೆ. ಆ ಅಂದಾಜು ಕಾಲಿಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಹಾಗಾಗಿ ಮ್ಯಾಟ್ ಮೇಲೆ ಬಣ್ಣದ ಟೇಪು ಅಂಟಿಸಿ ಮಹಿಳೆಯರ ಗೆರೆಗಳನ್ನೇ ಹಾಕಿಕೊಳ್ಳುತ್ತೇವೆ: ನಡುಗೆರೆಯಿಂದ 3 ಮೀಟರಿಗೆ ಬಾಕ್ ಲೈನ್ (ರೈಡರ್ ದಾಟಬೇಕಾದ ಗೆರೆ), 4ಕ್ಕೆ ಬೋನಸ್ (ದಾಟಿದರೆ ಹೆಚ್ಚುವರಿ ಅಂಕ ತರುವ ಗೆರೆ), 6ಕ್ಕೆ ಅಂಕಣವೇ ಮುಗಿಯಿತು.

ಪುರುಷರಲ್ಲಿ ಬೋನಸ್ ಗೆರೆ 4.75 ಮೀಟರಿನಲ್ಲಿರುತ್ತದೆ. ಮಹಿಳೆಯರಲ್ಲಿ ಮುಕ್ಕಾಲು ಮೀಟರ್ ಹತ್ತಿರ. ಹೆಚ್ಚುಕಮ್ಮಿ ಒಂದು ಹೆಜ್ಜೆ. ಗಂಡುಮಕ್ಕಳ ಅಂಕಣದಲ್ಲಿ ಪಳಗಿದ ಕಾರ್ನರ್ (ಮೂಲೆಯಲ್ಲಿ ನಿಲ್ಲುವ ರಕ್ಷಕಿ) ಆ ಒಂದು ಹೆಜ್ಜೆಗೆ ಕಾಯುತ್ತಾಳೆ, ಅಷ್ಟರಲ್ಲಿ ರೈಡರ್ ಬೋನಸ್ ಕದ್ದು ಹೊರಟಿರುತ್ತಾಳೆ. ರೈಡರ್‌ಗಳ ತಪ್ಪು ಬೇರೆ ಬಗೆಯದು: ಮುಂದಿನ ಕಾಲು ಬೋನಸ್ ಗೆರೆ ದಾಟಿ ನೆಲ ಮುಟ್ಟಿದಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು. ಹಿಮ್ಮಡಿ ನೆಲಕ್ಕೆ ತಾಗಿದ್ದರೂ ಅಂಕ ಇಲ್ಲ. ಇದನ್ನು ಮೊಬೈಲಿನಲ್ಲಿ ಪಕ್ಕದಿಂದ ಸೆರೆಹಿಡಿದು ತೋರಿಸಿದರೆ ಮಾತ್ರ ನಂಬುತ್ತಾರೆ.

ಅಗಲದ ಲೆಕ್ಕ ಇನ್ನೂ ಮುಖ್ಯ. ಎರಡೂ ಬದಿಯ ಒಂದೊಂದು ಮೀಟರ್ ಲಾಬಿ (ಅಂಚಿನ ಪಟ್ಟಿ) ಕಳೆದರೆ ಉಳಿಯುವುದು 6 ಮೀಟರ್. ಏಳು ಮಂದಿ ನಿಂತರೆ ತಲೆಗೆ 86 ಸೆಂಟಿಮೀಟರ್, ಪುರುಷರಲ್ಲಿ 114. ಅಂದರೆ ಚೈನ್ (ಕೈಕೈ ಹಿಡಿದ ರಕ್ಷಕಿಯರ ಸಾಲು) ಬಹಳ ಬೇಗ ಮುಚ್ಚಿಕೊಳ್ಳುತ್ತದೆ, ನುಸುಳಲು ಸಂದಿಯೇ ಇರುವುದಿಲ್ಲ. ಅದಕ್ಕೇ ಕಾರ್ನರ್ ಒಂಟಿಯಾಗಿ ಹಾರುವುದನ್ನು ನಾವು ಒಪ್ಪುವುದಿಲ್ಲ. ಅವಳು ಎರಡೂ ಕೈಯಲ್ಲಿ ರೈಡರ್‌ನ ಕಣಕಾಲು ಬಿಗಿದು ಎದೆಗೆಳೆದುಕೊಳ್ಳುವ ಕ್ಷಣದಲ್ಲೇ ಪಕ್ಕದ ರಕ್ಷಕಿ, ಅಂದರೆ ಕವರ್, ರೈಡರ್‌ನ ಸೊಂಟಕ್ಕೆ ಬೀಳಬೇಕು. ಕವರ್ ತಡವಾದರೆ ರೈಡರ್ ನಡುಗೆರೆಯತ್ತ ಚಾಚಿ ಬೀಳುತ್ತಾಳೆ. ಉದ್ದ ಕೈಯಿದ್ದರಂತೂ ಗೆರೆ ಸಿಕ್ಕೇಬಿಡುತ್ತದೆ. ದಿನಕ್ಕೆ 40 ಸಲ, ಬರೀ ಈ ಜೋಡಿಗಳಿಗೆ. ಬೇಸರದ ಕೆಲಸವೇ, ಆದರೆ ಬೇರೆ ದಾರಿ ಕಂಡಿಲ್ಲ.

75 ಕಿಲೋ ತೂಕದ ಮಿತಿ, ಉಗುರು, ಎಣ್ಣೆ, ಒಡವೆಗಳ ನಿಯಮ, ಇವೆಲ್ಲದರ ತಪಾಸಣೆ ಪಂದ್ಯದ ಹಿಂದಿನ ವಾರವೇ ಮುಗಿದಿರಬೇಕು. ಕೊನೆಯ ದಿನ ನೀರು ಬಿಟ್ಟು ತೂಕ ಇಳಿಸಿದವಳಿಗೆ ದ್ವಿತೀಯಾರ್ಧದಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ.

ಇನ್ನು ಕೊನೆಯ ನಿಮಿಷಗಳು. 2018ರ ಜಕಾರ್ತ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಇರಾನ್ ನಮ್ಮನ್ನು 27-24ರಿಂದ ಸೋಲಿಸಿತು. ಹಾಂಗ್‌ಝೌ ಕೂಟದಲ್ಲಿ, 2023ರಲ್ಲಿ, ಚೀನೀ ತೈಪೆ ವಿರುದ್ಧ ಗುಂಪಿನ ಪಂದ್ಯ 34-34 ಸಮ, ಫೈನಲ್‌ನಲ್ಲಿ ಅವರ ಮೇಲೇ ನಮಗೆ 26-25ರ ಗೆಲುವು. ಈ ಮಟ್ಟದಲ್ಲಿ ಒಂದು ಅಂಕದ ಮುನ್ನಡೆ ಕಾಯುವುದೇ ಒಂದು ವಿದ್ಯೆ. ನಾವು ಸ್ಕೋರ್‌ಬೋರ್ಡ್‌ನಲ್ಲಿ ಒಂದಂಕದ ಮುನ್ನಡೆ ಬರೆದು, ಗಡಿಯಾರ ಮೂರು ನಿಮಿಷಕ್ಕೆ ಇಟ್ಟು ಆಡಿಸುತ್ತೇವೆ. ತಲಾ 30 ಸೆಕೆಂಡಿನಂತೆ ಆರು ರೈಡ್, ನಮ್ಮವು ಮೂರು. ಮೊದಲೆರಡನ್ನೂ ಖಾಲಿ (ಅಂಕವಿಲ್ಲದೆ) ಬಿಟ್ಟರೆ ಮೂರನೆಯದು ಡೂ ಆರ್ ಡೈ (ಅಂಕ ತಾರದಿದ್ದರೆ ರೈಡರ್ ಔಟ್), ಅದೂ ಗಡಿಯಾರ ಮುಗಿಯುವ ಹೊತ್ತಿಗೆ. ಹಾಗಾಗಿ ಎದುರು ಆರು ಅಥವಾ ಏಳು ಮಂದಿ ಇದ್ದರೆ ಎರಡನೆಯ ರೈಡ್‌ನಲ್ಲೇ ಬೋನಸ್‌ಗೆ ಹೋಗು ಎನ್ನುತ್ತೇವೆ. ಖಾಲಿ ರೈಡಿನ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. ಐವರೇ ಇದ್ದರೆ ಬೋನಸ್ ಇಲ್ಲ. ಆಗ ಬಾಕ್ ಲೈನ್ ಸರಿಯಾಗಿ ದಾಟಿ, ಲಾಬಿಗೆ ಕಾಲಿಡದೆ, 25 ಸೆಕೆಂಡ್ ಕಳೆದು ಮರಳಬೇಕು. ಗಾಬರಿಯಲ್ಲಿ ಬಾಕ್ ಲೈನ್ ದಾಟದೆಯೇ ತಿರುಗಿದರೆ ರೈಡರ್ ಔಟ್, ಸ್ಕೋರ್ ಸಮ. ಈ ತಪ್ಪು ಹೊಸಬರಿಗಿಂತ ಅನುಭವಿಗಳಲ್ಲೇ ಹೆಚ್ಚು ಕಂಡಿದ್ದೇವೆ. ಅವರ ಕಣ್ಣು ಗಡಿಯಾರದ ಮೇಲಿರುತ್ತದೆ, ಗೆರೆಯ ಮೇಲಲ್ಲ. ಈಗ ಸಮಯ ಕೂಗಿ ಹೇಳುವ ಕೆಲಸವನ್ನು ಬೆಂಚಿನಲ್ಲಿರುವ ಒಬ್ಬಳಿಗೇ ವಹಿಸಿದ್ದೇವೆ.