ರಟ್ಟಿನ ಪೆಟ್ಟಿಗೆಯ ದರ ಕುದುರಿಸುವಾಗ

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಕಾರ್ಖಾನೆ. ಸಣ್ಣ ಗಿರಾಕಿ ಎರಡು ರೂಪಾಯಿ ಇಳಿಸಿ ಎನ್ನುತ್ತಾನೆ, ಒಂದಕ್ಕೆ ಒಪ್ಪುತ್ತಾನೆ, ಅಲ್ಲಿಗೆ ಮುಗಿಯಿತು. ದೊಡ್ಡ ಕಂಪನಿಯಲ್ಲಿ ಪೆಟ್ಟಿಗೆ ಬಳಸುವವರು ಒಬ್ಬರು, ದರ ಕುದುರಿಸುವವರು ಇನ್ನೊಬ್ಬರು, ಹಣ ಬಿಡುಗಡೆ ಮಾಡುವವರು ಮತ್ತೊಬ್ಬರು. ಖರೀದಿ ವಿಭಾಗದವರು ಕಳೆದ ವರ್ಷಕ್ಕಿಂತ ಇಷ್ಟು ಉಳಿಸಿದೆವು ಎಂದು ಮೇಲಿನವರಿಗೆ ತೋರಿಸಲೇಬೇಕು. ತೋರಿಸಲಿ. ಆ ಉಳಿತಾಯ ನನ್ನ ಲಾಭದಿಂದಲೇ ಹೋಗಬೇಕೆಂದಿಲ್ಲ.

"ಎಂಟು ಪರ್ಸೆಂಟ್ ಇಳಿಸಿ ಮಾರಾಯ್ರೇ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ" ಎಂದು ಖರೀದಿ ವಿಭಾಗದವರು ಹೇಳಿದರೆ ನಾನು ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದೂ ಇಲ್ಲ. "ಇಳಿಸೋಣ ಸಾರ್, ಏನನ್ನು ಬಿಡೋಣ ಹೇಳಿ" ಎನ್ನುತ್ತೇನೆ. ಎರಡು ಬಣ್ಣದ ಮುದ್ರಣ ಒಂದಕ್ಕೆ ಇಳಿಯಬಹುದು. ಹೆಚ್ಚುಕಡಿಮೆ ಒಂದೇ ಆಗಿರುವ ಮೂರು ಅಳತೆಗಳನ್ನು ಒಂದು ಮಾಡಬಹುದು; ಯಂತ್ರ ನಿಲ್ಲಿಸಿ ಅಳತೆ ಬದಲಿಸುವ ಹೊತ್ತು ಉಳಿಯುತ್ತದೆ. ಅರ್ಧ ಲಾರಿಯ ಬದಲು ತುಂಬಿದ ಲಾರಿ ಹೋಗಬಹುದು.

ಕಾಗದದ ತೂಕ ಇಳಿಸಲು ಮಾತ್ರ ನಾನು ಒಪ್ಪುವುದಿಲ್ಲ. ರಫ್ತಿನ ಗೇರುಬೀಜದ ಪೆಟ್ಟಿಗೆಯಲ್ಲಿ 11.34 ಕಿಲೋ ತಿರುಳಿನ ಎರಡು ಡಬ್ಬಿಗಳು ಕೂರುತ್ತವೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಮ್ಮ ಗೋದಾಮುಗಳಲ್ಲಿ ಪೆಟ್ಟಿಗೆಯ ಕಂದು ಕ್ರಾಫ್ಟ್ ಕಾಗದ ತೇವ ಹೀರಿ ಮೆತ್ತಗಾಗುತ್ತದೆ, ಅಟ್ಟಿಯ ಕೆಳಸಾಲು ಕುಸಿಯುತ್ತದೆ. ದೆಹಲಿಯ ಕಚೇರಿಯಲ್ಲಿ ಕುಳಿತು ದರಪಟ್ಟಿ ನೋಡುವವರಿಗೆ ಇದು ಹೊಳೆಯುವುದಿಲ್ಲ. ಇಲ್ಲಿನ ಸ್ಟೋರಿನವರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಮಾತುಕತೆಗೆ ಮೊದಲೇ ಅವರ ಬಳಿ ತುಳುವಿನಲ್ಲಿ ನಾಲ್ಕು ಮಾತಾಡಿ, ಹೋದ ಮಳೆಗಾಲದಲ್ಲಿ ಎಷ್ಟು ಮಾಲು ಹಾಳಾಯಿತು ಎಂದು ಕೇಳಿಕೊಂಡಿರುತ್ತೇನೆ. ಆ ಲೆಕ್ಕವನ್ನು ಮುಂದಿಟ್ಟರೆ ಎಂಟು ಪರ್ಸೆಂಟಿನ ಉತ್ಸಾಹ ತಗ್ಗುತ್ತದೆ.

ಆನ್‌ಲೈನ್ ರಿವರ್ಸ್ ಹರಾಜು, ಅಂದರೆ ಮಾರುವವರು ಒಬ್ಬರಿಗಿಂತ ಒಬ್ಬರು ದರ ಇಳಿಸುತ್ತಾ ಹೋಗುವ ಹರಾಜು, ಇದ್ದರೆ ಕೊನೆಯ ದರವನ್ನು ಹಿಂದಿನ ದಿನವೇ ಬರೆದು ತಮ್ಮನ ಕೈಗೆ ಕೊಡುತ್ತೇನೆ. ನಾನು ಅದಕ್ಕಿಂತ ಕೆಳಗೆ ಹೋದರೆ ಕಂಪ್ಯೂಟರ್ ಬಂದ್ ಮಾಡುವ ಅಧಿಕಾರ ಅವನದು.

ನಾನು ದರಕ್ಕಿಂತ ಹೆಚ್ಚು ಗುದ್ದಾಡುವುದು ಹಣ ಕೊಡುವ ಅವಧಿಗಾಗಿ. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇ 12 ಎಂದು ಹಿಡಿದರೆ, 40 ರೂಪಾಯಿಯ ಪೆಟ್ಟಿಗೆಗೆ ತಿಂಗಳಿಗೆ 40 ಪೈಸೆ ಬಡ್ಡಿ. 45 ದಿನದ ಬದಲು 90 ದಿನ ಎಂದರೆ ಸದ್ದಿಲ್ಲದೆ 60 ಪೈಸೆ ಇಳಿಸಿದಂತೆಯೇ. ಜಿಎಸ್‌ಟಿಯನ್ನಂತೂ ಗಿರಾಕಿ ಹಣ ಕೊಡಲಿ ಬಿಡಲಿ, ಮುಂದಿನ ತಿಂಗಳೇ ಕಟ್ಟಬೇಕು. ನಮ್ಮದು ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಯಿರುವ ಘಟಕ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದಿದ್ದರೂ ಹಣ ಕೊಡುವ ಅವಧಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆ ಬಡ್ಡಿ ಕೇಳಿಯೂ ಗಿರಾಕಿಯನ್ನು ಉಳಿಸಿಕೊಂಡವರನ್ನು ನಾನು ಕಂಡಿಲ್ಲ. ನನಗೆ ನಿಜವಾಗಿ ಕೈಹಿಡಿದದ್ದು 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆಯ ತಿದ್ದುಪಡಿ. ಸಣ್ಣ ತಯಾರಕರಿಗೆ ಗಡುವಿನೊಳಗೆ ಹಣ ಕೊಡದೆ ವರ್ಷಾಂತ್ಯಕ್ಕೂ ಬಾಕಿ ಉಳಿಸಿದರೆ, ಆ ಖರ್ಚನ್ನು ಕಂಪನಿ ಆ ವರ್ಷದ ತೆರಿಗೆ ಲೆಕ್ಕದಲ್ಲಿ ಕಳೆದುಕೊಳ್ಳಲಾಗದು, ತೆರಿಗೆ ಹೆಚ್ಚು ಬೀಳುತ್ತದೆ. ಹಾಗಾಗಿ ಹಣಕಾಸು ವಿಭಾಗದವರನ್ನೂ ಮಾತುಕತೆಗೆ ಕರೆಯಿರಿ ಎಂದು ಕೇಳುತ್ತೇನೆ. ಅವರು ಬಂದು ಕುಳಿತರೆ ತೊಂಬತ್ತು ದಿನದ ಮಾತನ್ನು ಯಾರೂ ಎತ್ತುವುದಿಲ್ಲ.

ಇನ್ನು ಆ 45 ದಿನವನ್ನು ಎಂದಿನಿಂದ ಎಣಿಸುವುದು? ಬಿಲ್ಲು ತಮ್ಮ ಕಂಪ್ಯೂಟರಿಗೆ ಏರಿದ ದಿನದಿಂದ ಎಂದು ಕಂಪನಿಯವರು ಹೇಳುತ್ತಾರೆ. ಮಾಲು ತಲುಪಿದ ದಿನದಿಂದ ಎಂದು ಪರ್ಚೇಸ್ ಆರ್ಡರಿನಲ್ಲೇ ಬರೆಸಿಕೊಳ್ಳುತ್ತೇನೆ. ತಲುಪಿದ ದಿನಕ್ಕೆ ಸಾಕ್ಷಿಯಾಗಿ ಕಂಪನಿಯ ಗೇಟಿನ ಸೀಲು ಬಿದ್ದ ಚಲನ್ ತಾರದ ಲಾರಿ ಚಾಲಕನಿಗೆ ಆ ದಿನದ ಬಾಡಿಗೆಯನ್ನೂ ಕೊಡುವುದಿಲ್ಲ.