ಎಳೆ ರೈ ವಿಸ್ಕಿಗೆ ನಾಲ್ಕು ಸಂಜೆ

ಮೊದಲ ಸಂಜೆ ನಾನು ಈ ವಿಸ್ಕಿಗೆ ಅನ್ಯಾಯ ಮಾಡಿದೆ. ಹೊರಗೆ ಮೈನಸ್ 18 ಡಿಗ್ರಿ. ಆಫೀಸಿನಿಂದ ಬಂದವನೇ, ಕಾಫಿ ಕುಡಿದ ಬಾಯಲ್ಲೇ ಒಂದು ಗುಟುಕು ಹಾಕಿದೆ. ನಾಲಿಗೆ ಚುರ್ ಅಂದಿತು. ಪುಸ್ತಕದಲ್ಲಿ 'ಹಸಿ' ಅಂತ ಒಂದೇ ಪದ ಬರೆದು ಮುಚ್ಚಿಟ್ಟೆ.

ನಾನಿರುವುದು ಫಿನ್ಲೆಂಡಿನ ಪಶ್ಚಿಮ ಕರಾವಳಿಯ ವಾಸಾ ಊರಿನಲ್ಲಿ. ಇಲ್ಲಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯೊಳಗೆ ಇಸೊಕ್ಯೂರೊ ಸಿಗುತ್ತದೆ. ಸಪಾಟು ಬಯಲು, ಮಧ್ಯೆ ನದಿ, ಎರಡೂ ಕಡೆ ಹೊಲ. ಈ ವಿಸ್ಕಿ ಮಾಡುವ ಕ್ಯೂರೊ ಡಿಸ್ಟಿಲರಿ ಇರುವುದು ಅಲ್ಲಿನ ಹಳೆಯ ಡೈರಿ ಕಟ್ಟಡದಲ್ಲಿ. 2012ರಲ್ಲಿ ಐದು ಜನ ಗೆಳೆಯರು ಸೌನಾದಲ್ಲಿ, ಅಂದರೆ ಬಿಸಿ ಹಬೆಯ ಕೋಣೆಯಲ್ಲಿ, ಕೂತಿದ್ದಾಗ ಹುಟ್ಟಿದ ಯೋಚನೆ ಅದು. 2014ರಲ್ಲಿ ಬಟ್ಟಿ ಇಳಿಸಲು ಶುರು ಮಾಡಿದರು. ವಿಸ್ಕಿ ಪೀಪಾಯಿಯಲ್ಲಿ ಮಾಗುವ ತನಕ ಜಿನ್ ಮಾಡಿ ಮಾರಿದರು. ಆ ಜಿನ್‌ಗೆ 2015ರಲ್ಲೇ ದೊಡ್ಡ ಅಂತರರಾಷ್ಟ್ರೀಯ ಬಹುಮಾನ ಬಂತು.

ರೈ ಅಂದರೆ ಹಿಂದಿಯ ರಾಯಿ, ಅಂದರೆ ಸಾಸಿವೆ, ಅಲ್ಲ. ಇದು ಗೋಧಿ, ಬಾರ್ಲಿಯ ನಂಟಸ್ತಿಕೆಯ ಧಾನ್ಯ. ಬೇಸಿಗೆ ಮುಗಿಯುವಾಗ ಬಿತ್ತುತ್ತಾರೆ, ಚಳಿಗಾಲವೆಲ್ಲ ಹಿಮದಡಿ ಮಲಗಿರುತ್ತದೆ, ಮುಂದಿನ ಬೇಸಿಗೆಗೆ ಕೊಯ್ಲು. ನಮ್ಮ ಕಡೆ ರಾಗಿ ಹೇಗೋ ಇಲ್ಲಿ ರೈ ಹಾಗೆ. ಕಪ್ಪಗಿನ, ಹುಳಿಯಾದ ರೈ ರೊಟ್ಟಿಯನ್ನು 2017ರಲ್ಲಿ ಜನ ಮತ ಹಾಕಿ ತಮ್ಮ ರಾಷ್ಟ್ರೀಯ ಆಹಾರವಾಗಿ ಆರಿಸಿಕೊಂಡರು.

ಅಮೆರಿಕದ ರೈ ವಿಸ್ಕಿಗೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇದೆ. ಅಲ್ಲಿ ಧಾನ್ಯದಲ್ಲಿ 51% ರೈ ಇದ್ದರೆ ಸಾಕು, ಉಳಿದದ್ದು ಮೆಕ್ಕೆಜೋಳ, ಬಾರ್ಲಿ ಏನಾದರೂ ಇರಬಹುದು. ಒಳಗಡೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು. ಕ್ಯೂರೊದವರದು ಪೂರ್ತಿ ರೈ, ಅದೂ ಮೊಳಕೆ ಕಟ್ಟಿ ಒಣಗಿಸಿದ್ದು. ಹೇಳುವಷ್ಟು ಸುಲಭದ ಕೆಲಸ ಅಲ್ಲ ಅದು. ರೈಗೆ ಬಾರ್ಲಿಯ ಹಾಗೆ ಹೊಟ್ಟು ಅಂಟಿಕೊಂಡಿರುವುದಿಲ್ಲ, ಹಾಗಾಗಿ ಸೋಸುವಾಗ ಜಾಳಿಗೆಯಾಗಿ ನಿಲ್ಲುವಂಥದ್ದು ಏನೂ ಇರುವುದಿಲ್ಲ. ಮೇಲಾಗಿ ಅದರಲ್ಲಿ ಅಂಟು ಜಾಸ್ತಿ. ಬಿಸಿ ನೀರು ಹಾಕಿದರೆ ಗಂಜಿ ಹಾಗೆ ಗಟ್ಟಿಯಾಗುತ್ತದೆ, ಹುಳಿಯುವಾಗ ನೊರೆ ಉಕ್ಕುತ್ತದೆ. ರಾಗಿ ಅಂಬಲಿ ಕಾಸುವಾಗ ಕೈಯಾಡಿಸುತ್ತಲೇ ಇರಬೇಕಲ್ಲ, ಅಂಥ ಕಾಟ.

ಎರಡನೇ ಸಂಜೆ ಸರಿಯಾಗಿ ಕೂತೆ. ಊಟಕ್ಕೆ ಎರಡು ಗಂಟೆ ಮುಂಚೆ, ಒಗ್ಗರಣೆ ವಾಸನೆ ಇಲ್ಲದ ಕೋಣೆಯಲ್ಲಿ. ಬಾಯಿ ಅಗಲ ಕಡಿಮೆ ಇರುವ ಗ್ಲಾಸಿಗೆ 20 ಮಿಲಿ ಹಾಕಿ ಹತ್ತು ನಿಮಿಷ ಸುಮ್ನೆ ಬಿಟ್ಟೆ. ಈ ವಿಸ್ಕಿಯ ಬಲ, ಅಂದರೆ ಆಲ್ಕೋಹಾಲ್ ಪ್ರಮಾಣ, 47.2%. ಇಷ್ಟು ಬಲದ್ದನ್ನು ಸುರಿದ ತಕ್ಷಣ ಮೂಸಿದರೆ ಮೂಗಿಗೆ ಹೊಡೆಯುವುದು ಸ್ಪಿರಿಟ್ ಒಂದೇ. ಆಮೇಲೆ ಗ್ಲಾಸನ್ನು ಗಲ್ಲದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದು, ನಿಧಾನವಾಗಿ ಮೂಗಿನ ತನಕ ತಂದೆ. ಮೊದಲು ಬಂದದ್ದು ಹುಳಿ ಹಿಟ್ಟಿನ ವಾಸನೆ. ಅದರ ಹಿಂದೆ ಹುರಿದ ಧಾನ್ಯದ್ದು. ಇದನ್ನು ಎಲ್ಲೋ ಮೂಸಿದ್ದೇನೆ ಅನ್ನಿಸಿತು, ಎಲ್ಲಿ ಅಂತ ಹೊಳೆಯಲಿಲ್ಲ.

ಹೆಂಡತಿ ಕುಡಿಯುವುದಿಲ್ಲ. ಆದರೆ ಅವಳ ಮೂಗು ನನ್ನದಕ್ಕಿಂತ ಚುರುಕು. ಗ್ಲಾಸ್ ಕೊಟ್ಟೆ.

"ರೀ, ಇದು ಹುರಿಹಿಟ್ಟಿನ ವಾಸನೆ ಅಲ್ವಾ? ರಾಗಿ ಅರಳು ಹುರಿದು ಬೀಸಿ, ಬೆಲ್ಲ ಹಾಕಿದ್ದು."

ಹೌದು, ಅದೇ! ನಾನು 'ಹಸಿ' ಅಂತ ಬರೆದದ್ದು ಧಾನ್ಯದ ರುಚಿಯನ್ನು. ವಯಸ್ಸಿನ ಕೊರತೆ ಬೇರೆ, ಕಾಳಿನ ಗುಣ ಬೇರೆ. ಎಳೆ ವಿಸ್ಕಿಯನ್ನು ತೂಗುವವರು ಎಡವುವುದು ಇಲ್ಲೇ. ಅವತ್ತಿನಿಂದ ಪುಸ್ತಕದಲ್ಲಿ ಮೂರು ಕಾಲಂ ಹಾಕಿಕೊಂಡೆ: ಕಾಳು ಕೊಟ್ಟಿದ್ದು, ಮರ ಕೊಟ್ಟಿದ್ದು, ಕಳೆಯಬೇಕಾದ್ದು. ನೂರಕ್ಕೆ ಇಷ್ಟು ಅಂತ ಅಂಕ ಹಾಕುವುದನ್ನು ಬಿಟ್ಟೆ.

ಮೂರನೇ ಕಾಲಂ ಸುಲಭ. ಉಗುರು ಬಣ್ಣದ ವಾಸನೆ, ಬೇಯಿಸಿದ ಎಲೆಕೋಸಿನ ವಾಸನೆ, ನುಂಗಿದ ಮೇಲೆ ಗಂಟಲಲ್ಲಿ ಬರೀ ಉರಿ. ಇವು ಬಲವಾಗಿ ಇದ್ದರೆ ಪೀಪಾಯಿಯಲ್ಲಿ ಇನ್ನಷ್ಟು ದಿನ ಇರಬೇಕಿತ್ತು ಅಂತ. ಇದರಲ್ಲಿ ಎಲೆಕೋಸು ಇರಲಿಲ್ಲ. ಉರಿ ಸ್ವಲ್ಪ ಇತ್ತು.

ಕಷ್ಟವಾದದ್ದು ಲವಂಗ. ರೈಯಲ್ಲಿರುವ ಫೆರುಲಿಕ್ ಆಮ್ಲವನ್ನು ಯೀಸ್ಟ್ ಲವಂಗದಂಥ ವಾಸನೆಯಾಗಿ ಬದಲಿಸಬಲ್ಲದು. ಓಕ್ ಮರದಲ್ಲೂ ಲವಂಗದ ವಾಸನೆಯ ಯೂಜಿನಾಲ್ ಇದೆ. ಹಾಗಾದರೆ ಗ್ಲಾಸಿನಲ್ಲಿರುವುದು ಯಾರದ್ದು? ಮೂರನೇ ಸಂಜೆ ಪೂರ್ತಿ ಇದಕ್ಕೇ ಹೋಯಿತು. ಪಕ್ಕದಲ್ಲಿ ಒಂದು ಅಮೆರಿಕದ ರೈ ಇಟ್ಟುಕೊಂಡೆ. ನನಗೆ ಕಾಣದ ಹಾಗೆ ಹೆಂಡತಿ ಗ್ಲಾಸುಗಳನ್ನು ಅದಲು ಬದಲು ಮಾಡಿದಳು. ನಾಲ್ಕೈದು ಸಲ ಮೂಸಿ ಚಪ್ಪರಿಸಿದ ಮೇಲೆ ನನಗೆ ದಕ್ಕಿದ ಗುರುತು ಇದು: ಕಾಳಿನ ಲವಂಗ ಮೂಗಿಗೆ ಬೇಗ ಬರುತ್ತದೆ, ರೊಟ್ಟಿ ವಾಸನೆಯ ಜೊತೆಗೇ. ಮರದ ಲವಂಗ ನುಂಗಿದ ಮೇಲೆ ಬರುತ್ತದೆ, ವೆನಿಲ್ಲಾ ಜೊತೆಗೆ. ನಾಲಿಗೆಯ ಅಂಚು ಚಹಾ ಡಿಕಾಕ್ಷನ್ ಕುಡಿದ ಹಾಗೆ ಒಗರಾಗುತ್ತದೆ. ಅಮೆರಿಕದ್ದರಲ್ಲಿ ಎರಡನೆಯದು ಮುಂದಿತ್ತು. ಇಲ್ಲಿನದರಲ್ಲಿ ಮೊದಲನೆಯದು.

ನೀರು ಹಾಕುವಾಗ ಅಂದಾಜು ಬೇಡ. 20 ಮಿಲಿಗೆ ಮೂರೂವರೆ ಮಿಲಿಗಿಂತ ತುಸು ಜಾಸ್ತಿ ನೀರು ಹಾಕಿದರೆ 47.2% ಇದ್ದದ್ದು 40%ಗೆ ಇಳಿಯುತ್ತದೆ. ಒಂದು ಪೂರ್ತಿ ಟೀ ಚಮಚ, ಅಂದರೆ 5 ಮಿಲಿ ಹಾಕಿದರೆ 38ರ ಕೆಳಗೆ ಹೋಗುತ್ತದೆ. ನಾನು ಔಷಧಿ ಹಾಕುವ ಸಿರಿಂಜ್‌ನಲ್ಲಿ ಒಂದೊಂದೇ ಮಿಲಿ ಸೇರಿಸಿದೆ. ಎರಡು ಮಿಲಿಗೆ ಉರಿ ತಗ್ಗಿ ಶುಂಠಿ, ಸೋಂಪು ಎದ್ದವು. ಬಾಯಲ್ಲಿ ಎಣ್ಣೆ ಸವರಿದ ಹಾಗೆ ಜಿಡ್ಡು, ಅದು ನನಗೆ ತುಂಬ ಇಷ್ಟ. ನಾಲ್ಕು ಮಿಲಿಗೆ ಎಲ್ಲ ತೆಳುವಾಯಿತು. ನನಗೆ ಎರಡೇ ಸರಿ.

ವಯಸ್ಸಿನ ಬಗ್ಗೆ ಒಂದು ಮಾತು. ಯುರೋಪಿನ ಕಾನೂನಿನ ಪ್ರಕಾರ ವಿಸ್ಕಿ ಅನ್ನಿಸಿಕೊಳ್ಳಲು ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು. ಆದರೆ ವರ್ಷ ಎಲ್ಲ ಕಡೆ ಒಂದೇ ಅಲ್ಲ. ಬೆಂಗಳೂರಿನ ಅಮೃತ್‌ನಂಥ ಡಿಸ್ಟಿಲರಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 10ರಿಂದ 12% ಆವಿಯಾಗಿ ಹೋಗುತ್ತದೆ, ಸ್ಕಾಟ್ಲೆಂಡಿನಲ್ಲಿ ಸುಮಾರು 2%. ಸೆಖೆಯಲ್ಲಿ ಮರದ ಜೊತೆ ಸ್ಪಿರಿಟ್ ಬೇಗ ಬೆರೆಯುತ್ತದೆ. ಅದಕ್ಕೇ ನಮ್ಮೂರಿನ ನಾಲ್ಕೈದು ವರ್ಷದ ವಿಸ್ಕಿ ಎಳೆಯದು ಅಂತ ಅನ್ನಿಸುವುದೇ ಇಲ್ಲ. ಇಸೊಕ್ಯೂರೊದ ಚಳಿಯಲ್ಲಿ ಅಷ್ಟೇ ವರ್ಷದ್ದು ನಿಜಕ್ಕೂ ಎಳೆಯದು. ಅದನ್ನು ತಪ್ಪು ಅನ್ನದೆ ಎಳೆತನದಲ್ಲೇ ಏನು ಸಿಕ್ಕಿದೆ ಅಂತ ನೋಡಬೇಕು ಅನ್ನುವುದು ನನ್ನ ನಿಲುವು.

ನಾಲ್ಕನೇ ಸಂಜೆ ರೈ ರೊಟ್ಟಿಯ ತುಂಡಿಗೆ ಬೆಣ್ಣೆ ಸವರಿ ಪಕ್ಕದಲ್ಲಿಟ್ಟುಕೊಂಡೆ. ಒಂದು ಕಚ್ಚು, ಒಂದು ಗುಟುಕು. ರೊಟ್ಟಿಯ ಹುಳಿ ವಿಸ್ಕಿಯ ಹುಳಿಯನ್ನು ಮರೆಸಿತು, ಒಳಗಿದ್ದ ಬೆಲ್ಲದ ಪಾಕದ ಸಿಹಿ ಮೇಲೆ ಬಂತು. ಹಳೆಯ ವಿಸ್ಕಿಗಳಷ್ಟು ಹೊತ್ತು ರುಚಿ ಬಾಯಲ್ಲಿ ನಿಲ್ಲುವುದಿಲ್ಲ ನಿಜ. ಆದರೆ ಇರುವಷ್ಟು ಹೊತ್ತು ಅದು ಯಾವ ಧಾನ್ಯದ್ದು ಅಂತ ಅನುಮಾನವೇ ಬರುವುದಿಲ್ಲ. ಮೊದಲನೇ ಕಾಲಂ ಪುಟದ ಕೆಳತನಕ ತುಂಬಿತು. ಎರಡನೆಯದರಲ್ಲಿ ನಾಲ್ಕು ಸಾಲು, ಮೂರನೆಯದರಲ್ಲಿ 'ಸ್ವಲ್ಪ ಉರಿ' ಅಂತ ಮಾತ್ರ.

ಗ್ಲಾಸ್ ತೊಳೆಯದೆ ಮಲಗಿದೆ. ಬೆಳಿಗ್ಗೆ ಅದನ್ನು ಮೂಸಿದರೆ ಸ್ಪಿರಿಟ್ ಪೂರ್ತಿ ಹೋಗಿತ್ತು. ತಳದಲ್ಲಿ ಒಣಗಿದ ಕಂದು ಗುರುತು, ಅದರಲ್ಲಿ ಬರೀ ಹುರಿಹಿಟ್ಟು. ಹೆಂಡತಿಗೆ ಕೊಟ್ಟೆ. ಅವಳು ಎರಡು ಸಲ ಮೂಸಿ, ಊರಿಂದ ತಂದ ರಾಗಿ ಡಬ್ಬ ಇಳಿಸಲು ಸ್ಟೂಲ್ ಹತ್ತಿದಳು.